ಹಸುವಿನ ಹುಲ್ಲು, ಕುದುರೆಯ ಹೊಟ್ಟೆ

ಬೆಂಗಳೂರಿನ ಹೊರವಲಯದಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. ತೋಟದ ಮನೆಯಲ್ಲಿ ಒಂದೆರಡು ಕುದುರೆ ಕಟ್ಟಿಕೊಂಡವರಿದ್ದಾರೆ. ರೇಸಿನ ದಿನಗಳು ಮುಗಿದ ಥರೋಬ್ರೆಡ್‌ಗಳನ್ನು ಅಕ್ಕರೆಯಿಂದ ತಂದು ಸಾಕುವವರೂ ಇದ್ದಾರೆ. ಲಾಯ ಕಟ್ಟಿಸುವಾಗ ಇವರು ಹತ್ತು ಜನರನ್ನು ಕೇಳುತ್ತಾರೆ. ಹುಲ್ಲಿನ ವಿಷಯಕ್ಕೆ ಬಂದರೆ ಮಾತ್ರ ಪಕ್ಕದ ಹೊಲದ ಹೈನುಗಾರರ ಮಾತೇ ಸಾಕು ಎನಿಸುತ್ತದೆ. ನಮ್ಮದು ದನ ಕಟ್ಟಿದ ನಾಡು. ಯಾವ ಹುಲ್ಲಿಗೆ ಹಾಲು ಹೆಚ್ಚುತ್ತದೆ, ಯಾವುದು ವರ್ಷಕ್ಕೆ ಎಷ್ಟು ಕೊಯ್ಲು ಬರುತ್ತದೆ ಎಂಬುದು ಇಲ್ಲಿ ಪ್ರತಿ ಕೊಟ್ಟಿಗೆಗೂ ಗೊತ್ತು. ಆ ತಿಳಿವಳಿಕೆ ದೊಡ್ಡದು, ಆದರೆ ಅದು ಹಸುವನ್ನು ನೋಡಿ ಕಲಿತದ್ದು. ಅದನ್ನೇ ಕುದುರೆಗೂ ಹೊಂದಿಸಿದರೆ ಹಸಿರು ತುಂಬಿದ ಜಮೀನಿನಲ್ಲಿ ಹೊಟ್ಟೆತುಂಬ ಮೇಯುತ್ತಲೇ ಕುದುರೆ ಕೆಡುತ್ತದೆ.

ಎರಡೂ ಹುಲ್ಲು ತಿನ್ನುವ ಪ್ರಾಣಿಗಳು. ತಿಂದದ್ದು ಒಳಗೆ ಸಾಗುವ ದಾರಿ ಮಾತ್ರ ಬೇರೆ. ಹಸುವಿನ ಹೊಟ್ಟೆಯಲ್ಲಿ ಮೇವು ಮೊದಲು ಬಂದು ಬೀಳುವುದು ಪಶುವೈದ್ಯರು ರೂಮೆನ್ ಎಂದು ಕರೆಯುವ ದೊಡ್ಡ ಚೀಲಕ್ಕೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಒಡೆಯುತ್ತವೆ. ಜೊತೆಗೆ ಸೊಪ್ಪಿನಲ್ಲಿರುವ ಎಷ್ಟೋ ವಿಷಗಳನ್ನೂ ಅಲ್ಲೇ ಮುರಿದುಹಾಕುತ್ತವೆ. ರಕ್ತಕ್ಕೆ ಸೇರುವ ಮೊದಲೇ ಮೇವಿಗೆ ಒಂದು ತಪಾಸಣೆ ಆಗಿರುತ್ತದೆ. ಕುದುರೆಗೆ ಆ ಚೀಲವಿಲ್ಲ. ಅದರ ಜಠರ 8ರಿಂದ 15 ಲೀಟರ್ ಹಿಡಿಯುವಷ್ಟು ಚಿಕ್ಕದು. ಮೇವು ಅಲ್ಲಿಂದ ಸಣ್ಣ ಕರುಳಿಗೆ ಇಳಿದು, ಅಲ್ಲಿ ಹೀರಬೇಕಾದದ್ದೆಲ್ಲ ಹೀರಿದ ಮೇಲೆ, ಕೊನೆಗೆ ದೊಡ್ಡ ಕರುಳಿನ ಸೀಕಮ್ ಎಂಬ ಚೀಲದಲ್ಲಿ ಹುಳಿಯುತ್ತದೆ. ಸೂಕ್ಷ್ಮಜೀವಿಗಳು ಇಲ್ಲೂ ಇವೆ, ಆದರೆ ಅವುಗಳ ಕೈಗೆ ಮೇವು ಸಿಗುವುದು ತಡವಾಗಿ. ಇನ್ನೊಂದು ಕಷ್ಟವೆಂದರೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ತಪ್ಪಾದರೂ ಅದು ಮುಂದಕ್ಕೇ ಹೋಗಬೇಕು.

ಈ ಚಿಕ್ಕ ಜಠರದಲ್ಲಿ ಆಮ್ಲ ಹಗಲಿರುಳೂ ಒಸರುತ್ತಿರುತ್ತದೆ. ಹಾಗಾಗಿಯೇ ಬಯಲಿನಲ್ಲಿ ಬಿಟ್ಟ ಕುದುರೆ ದಿನಕ್ಕೆ 14ರಿಂದ 16 ಗಂಟೆ ಮೇಯುತ್ತದೆ, ತುಸು ತುಸುವಾಗಿ, ನಡೆಯುತ್ತ ನಡೆಯುತ್ತ. ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿ ನಡುವೆ ಬರಿಹೊಟ್ಟೆಯಲ್ಲಿ ಕಟ್ಟಿದರೆ ಜಠರದಲ್ಲಿ ಹುಣ್ಣಾಗುತ್ತದೆ. ಹಸು ಮಲಗಿ ಮೆಲುಕು ಹಾಕುವ ಹೊತ್ತಿನಲ್ಲೂ ಕುದುರೆಗೆ ಬಾಯಾಡಿಸಲು ಏನಾದರೂ ಇರಬೇಕು. ಹುಲ್ಲುಗಾವಲು ಕುದುರೆಗೆ ಇಷ್ಟು ಮುಖ್ಯವಾಗುವುದು ಇದರಿಂದ. ಅಲ್ಲಿ ಬೆಳೆದಿರುವುದು ಏನು ಎಂಬ ಪ್ರಶ್ನೆ ಅಷ್ಟೇ ಮುಖ್ಯ.

ನೇಪಿಯರ್ ಹುಲ್ಲನ್ನೇ ನೋಡಿ. ಹೈನುಗಾರರ ಪಾಲಿಗೆ ಅದು ವರ. ಒಮ್ಮೆ ಕಡ್ಡಿ ನೆಟ್ಟರೆ ನಾಲ್ಕಾರು ವರ್ಷ ಕೊಯ್ಯುತ್ತಲೇ ಇರಬಹುದು. ಗಿನಿ ಹುಲ್ಲೂ ಹಾಗೆಯೇ. ಒಣಭೂಮಿಗೆ ಶಿಫಾರಸು ಮಾಡುವ ಅಂಜನ್ ಹುಲ್ಲು, ನೀಲಗಿರಿಯ ತಂಪಿನಲ್ಲಿ ನೆಲ ಮುಚ್ಚಿ ಬೆಳೆಯುವ ಕಿಕುಯು, ಇವೂ ದನಕ್ಕೆ ಒಳ್ಳೆಯವೇ. ಈ ಎಲ್ಲ ಹುಲ್ಲುಗಳಲ್ಲೂ ಆಕ್ಸಲೇಟ್ ಎಂಬ ಲವಣವಿದೆ, ಎಳೆಯ ಚಿಗುರಿನಲ್ಲಿ ಹೆಚ್ಚು. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹಸುವಿನ ರೂಮೆನ್ ಆಕ್ಸಲೇಟನ್ನು ಒಡೆದು ಕ್ಯಾಲ್ಸಿಯಂ ಬಿಡಿಸಿಕೊಳ್ಳುತ್ತದೆ. ಕುದುರೆ ಕ್ಯಾಲ್ಸಿಯಂ ಹೀರುವುದು ಸಣ್ಣ ಕರುಳಿನಲ್ಲಿ. ಅಲ್ಲಿಯವರೆಗೆ ಆ ಬಿಗಿ ಸಡಿಲವಾಗಿರುವುದಿಲ್ಲ. ಮುಂದೆ ಸೀಕಮ್‌ನಲ್ಲಿ ಒಡೆದರೂ ಪ್ರಯೋಜನವಿಲ್ಲ.

ಇದರ ಪಾಠ ಜಗತ್ತಿಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ಅಲ್ಲಿನವರು ಮಾಂಸದ ದನಗಳಿಗಾಗಿ ಆಫ್ರಿಕಾದಿಂದ ತಂದ ಹುಲ್ಲುಗಳನ್ನು ಬಿತ್ತಿ ದೊಡ್ಡ ದೊಡ್ಡ ಬಯಲುಗಳನ್ನು ಬೆಳೆಸಿದ್ದರು. ದನಗಳು ಮೈದುಂಬಿದವು. ಅದೇ ಬಯಲಲ್ಲಿ ಮೇಯುತ್ತಿದ್ದ ಕುದುರೆಗಳು ಕುಂಟತೊಡಗಿದವು: ಇಂದು ಒಂದು ಕಾಲು, ನಾಳೆ ಇನ್ನೊಂದು. ಮುಖದ ಎಲುಬು ಕಣ್ಣಿನ ಕೆಳಗೆ ಎರಡೂ ಬದಿ ಉಬ್ಬಿತು, ದವಡೆ ದಪ್ಪವಾಯಿತು, ಹಲ್ಲು ಸಡಿಲವಾದವು. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಮೇವಿನಿಂದ ಬಾರದಿದ್ದಾಗ ದೇಹ ತನ್ನ ಎಲುಬನ್ನೇ ಕರಗಿಸಿ ತೆಗೆದುಕೊಳ್ಳುತ್ತದೆ; ಎಲುಬಿನ ಜಾಗದಲ್ಲಿ ಮೆತ್ತನೆಯ ನಾರು ತುಂಬಿ ಮುಖ ಊದುತ್ತದೆ. ಬಿಗ್ ಹೆಡ್ ಎಂದು ಹೆಸರಾದ ಈ ಕಾಯಿಲೆಗೂ ಹುಲ್ಲಿನ ಆಕ್ಸಲೇಟಿಗೂ ಇರುವ ನಂಟನ್ನು ಅಲ್ಲಿನ ಪಶುವೈದ್ಯರು 1970ರ ದಶಕದಲ್ಲಿ ಗುರುತಿಸಿದರು. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿಯೇ ಕಾಣಬಹುದು. ಕೊರತೆ ಅಡಗಿರುವುದು ಎಲುಬಿನೊಳಗೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಬೂಸಾ. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಹೆಚ್ಚು. ಕುದುರೆಯ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಹಿಂದೆ ಯುರೋಪಿನ ಹಿಟ್ಟಿನ ಗಿರಣಿಗಳ ಕುದುರೆಗಳಿಗೆ ಬರೀ ತೌಡು ತಿನ್ನಿಸಿ ಇದೇ ರೀತಿ ಮುಖ ಊದುತ್ತಿದ್ದುದರಿಂದ ಅದಕ್ಕೆ ಗಿರಣಿಯವರ ಕಾಯಿಲೆ ಎಂಬ ಹೆಸರೇ ಇತ್ತು. ನೇಪಿಯರ್ ಹೊರೆ, ಅದರ ಮೇಲೆ ಬೂಸಾದ ಕಲಗಚ್ಚು: ಹಸುವಿಗೆ ಹಬ್ಬದೂಟವಾದ ಇದು ತಿಂಗಳುಗಟ್ಟಲೆ ನಡೆದರೆ ಕುದುರೆಯ ಎಲುಬನ್ನು ಎರಡು ಕಡೆಯಿಂದ ಕೊರೆಯುತ್ತದೆ. ನೇಪಿಯರ್ ಒಂದು ಎಸಳೂ ಕೂಡದು ಎಂದು ನಾನು ಹೇಳುತ್ತಿಲ್ಲ. ಅದೊಂದೇ ಮೇವಾಗಬಾರದು, ಅದರ ಜೊತೆ ಕುದುರೆಮೆಂತೆಯಂಥ ಕ್ಯಾಲ್ಸಿಯಂ ತುಂಬಿದ ಸೊಪ್ಪು ಇರಬೇಕು, ಪಶುವೈದ್ಯರ ಲೆಕ್ಕದಂತೆ ಸುಣ್ಣಕಲ್ಲಿನ ಪುಡಿ ಅಥವಾ ಖನಿಜ ಮಿಶ್ರಣ ನಿತ್ಯ ಸೇರಬೇಕು. ಮೇಯಲು ಬಿಡುವ ನೆಲದಲ್ಲಂತೂ ಹುಲ್ಲನ್ನೇ ಬದಲಿಸುವುದು ಲೇಸು.

ಬದಲಿಗೆ ಯಾವುದು? ನಮ್ಮ ಕಾಲ ಕೆಳಗೇ ಇರುವ ಗರಿಕೆ. ರಾಗಿ ಹೊಲದಲ್ಲಿ ಗರಿಕೆ ಹಬ್ಬಿದರೆ ರೈತನಿಗೆ ತಲೆನೋವು, ಅದು ನಿಜ. ಆದರೆ ಕುದುರೆಯ ಅಂಗಳಕ್ಕೆ ಅದರಷ್ಟು ಒಪ್ಪುವ ಹುಲ್ಲು ಇನ್ನೊಂದು ಸಿಗುವುದು ಕಷ್ಟ. ಆಕ್ಸಲೇಟ್ ಕಡಿಮೆ. ನೆಲದ ಮೇಲೂ ನೆಲದೊಳಗೂ ಬಳ್ಳಿ ಹರಿದು ಹೆಣೆದುಕೊಳ್ಳುವುದರಿಂದ ಗೊರಸಿನ ತುಳಿತ ತಾಳುತ್ತದೆ. ಮಳೆ ಹೋಗಿ ಒಣಗಿ ಸತ್ತಂತೆ ಕಂಡರೂ ಒಂದು ಹದಮಳೆಗೆ ಮತ್ತೆ ಎದ್ದುಬರುತ್ತದೆ. ಕೊಯ್ದು ಒಣಗಿಸಿದರೆ ಒಳ್ಳೆಯ ಒಣಹುಲ್ಲು. ನೀರಿನ ಅನುಕೂಲ ಇರುವವರು ರೋಡ್ಸ್ ಹುಲ್ಲನ್ನೂ ಹಾಕಬಹುದು. ಇವು ನೇಪಿಯರ್‌ನಷ್ಟು ಇಳುವರಿ ಕೊಡುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಕುದುರೆ ಸಾಕುವವರು ಇಳುವರಿಯ ಆಸೆ ತುಸು ಬಿಟ್ಟುಕೊಡಲೇಬೇಕು.

ರೂಮೆನ್ ಕಾಪಾಡುವುದು ಆಕ್ಸಲೇಟ್‌ನಿಂದ ಮಾತ್ರವಲ್ಲ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಬದುಗಳಿಗೆ ಬಂದ ಸುಬಾಬುಲ್ ಆಡು, ದನಗಳಿಗೆ ಪ್ರಿಯವಾದ ಸೊಪ್ಪು. ಅದರಲ್ಲಿರುವ ಮಿಮೋಸಿನ್ ಎಂಬ ಅಂಶವನ್ನು ಅರಗಿಸುವ ಬ್ಯಾಕ್ಟೀರಿಯಾ ಮೆಲುಕು ಹಾಕುವ ಪ್ರಾಣಿಗಳಲ್ಲಿ ನೆಲೆಸಬಲ್ಲದು. ಆಸ್ಟ್ರೇಲಿಯಾದ ದನಗಳಲ್ಲಿ ಅದು ಇರಲಿಲ್ಲ. ವಿಜ್ಞಾನಿ ರೇಮಂಡ್ ಜೋನ್ಸ್ ಹವಾಯಿಯ ಆಡುಗಳಿಂದ ಅದನ್ನು 1980ರ ದಶಕದಲ್ಲಿ ಅಲ್ಲಿಗೆ ಒಯ್ದದ್ದು ಮೇವಿನ ಇತಿಹಾಸದ ಒಂದು ಸುಂದರ ಅಧ್ಯಾಯ. ಕುದುರೆಗೆ ಆ ಭಾಗ್ಯವಿಲ್ಲ. ಸುಬಾಬುಲ್ ಹೆಚ್ಚು ತಿಂದ ಕುದುರೆಯ ಕೇಸರ, ಬಾಲದ ಕೂದಲು ಉದುರುತ್ತದೆ, ಗೊರಸಿನಲ್ಲಿ ಬಳೆಗಳಂತೆ ಗೆರೆ ಮೂಡುತ್ತದೆ. ನವಣೆ ಹುಲ್ಲೂ ಕುದುರೆಯ ದಿನನಿತ್ಯದ ಮೇವಾಗಬಾರದು. ಅದರಿಂದ ಮೂತ್ರಪಿಂಡ, ಕೀಲುಗಳು ಕೆಡುವುದನ್ನು ಅಮೆರಿಕದ ನಾರ್ತ್ ಡಕೋಟದಲ್ಲಿ 1890ರ ದಶಕದಲ್ಲೇ ಕಂಡುಕೊಂಡಿದ್ದರು.

ಜೋಳದ ಕತೆ ಸ್ವಲ್ಪ ತಿರುವುಮುರುವು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಬರುವ ಕೂಳೆ ಚಿಗುರು ತಿಂದು ದನ ಕ್ಷಣದಲ್ಲಿ ಉರುಳಿಬೀಳುವುದನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ಅದು ಸಯನೈಡ್ ವಿಷ. ರೂಮೆನ್ ಅದನ್ನು ಬೇಗ ಬಿಡುಗಡೆ ಮಾಡುವುದರಿಂದ ಆ ಸಾವು ದನಕ್ಕೇ ಹೆಚ್ಚು. ಅದೇ ಜೋಳ, ಸುಡಾನ್ ಹುಲ್ಲುಗಳ ಹಸಿಮೇವನ್ನು ವಾರಗಟ್ಟಲೆ ಮೇಯುವ ಕುದುರೆಗೆ ಬೇರೆಯೇ ಕಾಯಿಲೆ. ಬೆನ್ನುಹುರಿಯ ನರ ಕೆಟ್ಟು ಹಿಂಗಾಲು ತೂರಾಡುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಒಮ್ಮೆ ಹಾಗಾದ ಕುದುರೆ ಪೂರ್ತಿ ಚೇತರಿಸಿಕೊಳ್ಳುವುದು ಅಪರೂಪ. ದನ ಸಾಯಲಿಲ್ಲ, ಆದ್ದರಿಂದ ಈ ಹೊಲ ಸುರಕ್ಷಿತ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಮೆಕ್ಕೆಜೋಳ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಕೊಯ್ಲು ಮುಗಿದ ಹೊಲಕ್ಕೆ ಜಾನುವಾರು ಬಿಡುವುದು ವಾಡಿಕೆ. ಬಿದ್ದ ತೆನೆಗಳನ್ನು ಹುಡುಕಿ ತಿಂದ ಕುದುರೆಗೆ ಎರಡು ಅಪಾಯ. ಪಿಷ್ಟ ಏಕಾಏಕಿ ಸೀಕಮ್ ತಲುಪಿ ಹುಳಿಯೆದ್ದರೆ ಹೊಟ್ಟೆಶೂಲೆ, ಅದರ ಬೆನ್ನಿಗೆ ಗೊರಸಿನೊಳಗಿನ ಉರಿಯೂತ. ತೆನೆ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದರೆ ಅಪಾಯ ಇನ್ನೂ ಘೋರ. ಆ ಬೂಷ್ಟಿನಲ್ಲಿ ಫ್ಯುಮೊನಿಸಿನ್ ಎಂಬ ವಿಷ ಇರಬಹುದು. ಅದು ಕುದುರೆಯ ಮಿದುಳನ್ನೇ ಕರಗಿಸುತ್ತದೆ. ದನ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ದನದ, ಕೋಳಿಯ ಸಿದ್ಧ ಆಹಾರವನ್ನು ಕುದುರೆಗೆ ಹಾಕಬೇಡಿ ಎನ್ನುವುದಕ್ಕೂ ಇಂಥದೇ ಕಾರಣ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ, ದೇಹತೂಕದ ಪ್ರತಿ ಕಿಲೋಗೆ 2–3 ಮಿಲಿಗ್ರಾಂ ಹೋದರೂ ಕುದುರೆಯ ಹೃದಯವನ್ನು ಕೊಲ್ಲಬಲ್ಲದು.

ಬೇಲಿಗೆ ಚೆಂದ ಎಂದು ನೆಟ್ಟ ಕಣಗಿಲೆಯನ್ನು ಇಂದೇ ಕೀಳಿಸಿ. ಒಂದು ಹಿಡಿ ಎಲೆ, ಅದೂ ಸವರಿ ಒಣಗಿಸಿದ್ದು, ಒಂದು ಕುದುರೆಯ ಜೀವಕ್ಕೆ ಸಾಕು. ಹರಳು, ಗುಲಗಂಜಿ, ಉಮ್ಮತ್ತಿ, ಹಸಿರು ಗೊಬ್ಬರಕ್ಕೆ ಬೆಳೆಯುವ ಸೆಣಬು ಮೇಯುವ ಜಾಗದ ಹತ್ತಿರವೂ ಬೇಡ. ಹೊಟ್ಟೆ ತುಂಬಿದ ಕುದುರೆ ಇವುಗಳಲ್ಲಿ ಹೆಚ್ಚಿನದನ್ನು ಮೂಸಿ ಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ನೆಲ ಬರಿದಾದಾಗ, ಹಸಿರೆಂದರೆ ಬೇಲಿಯೊಂದೇ ಉಳಿದಾಗ, ಹಾಗೆ ಬಿಡುವುದಿಲ್ಲ.

ಹುಲ್ಲು ಸರಿಯಾಗಿದ್ದರೂ ಕುದುರೆ ಮೇಯುವ ರೀತಿ ನೆಲವನ್ನು ಕೆಡಿಸುತ್ತದೆ. ಹಸು ನಾಲಿಗೆಯಿಂದ ಸುತ್ತಿ ಕೀಳುತ್ತದೆ, ಹಾಗಾಗಿ ಬುಡದಲ್ಲಿ ಒಂದಿಷ್ಟು ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಮುಂಬಲ್ಲುಗಳಿವೆ, ನೆಲಮಟ್ಟಕ್ಕೆ ಕತ್ತರಿಸುತ್ತದೆ. ತನಗೆ ಇಷ್ಟವಾದ ಜಾಗವನ್ನೇ ಮತ್ತೆ ಮತ್ತೆ ಮೇಯ್ದು ಬೋಳು ಮಾಡುತ್ತದೆ, ಇನ್ನೊಂದು ಮೂಲೆಯನ್ನು ಲದ್ದಿಗೆ ಮೀಸಲಿಟ್ಟು ಅಲ್ಲಿನ ಹುಲ್ಲು ಮುಟ್ಟುವುದಿಲ್ಲ. ಲದ್ದಿಯ ಹತ್ತಿರ ಮೇಯಬಾರದೆಂಬ ಆ ಎಚ್ಚರ ಅದು ಹುಟ್ಟಿನಿಂದ ಪಡೆದ ವಿವೇಕ. ಬಯಲು ವಿಶಾಲವಾಗಿದ್ದರೆ ಅದು ಕಾಯುತ್ತದೆ. ಒಂದೆಕರೆಯಲ್ಲಿ ನಾಲ್ಕು ಕುದುರೆ ತುಂಬಿದಾಗ ಹಸಿವು ಆ ವಿವೇಕವನ್ನು ಮೀರುತ್ತದೆ, ಜಂತುಹುಳುಗಳ ಕಾಲ ಬರುತ್ತದೆ.

ಲದ್ದಿಯಲ್ಲಿ ಹೊರಬಿದ್ದ ಮೊಟ್ಟೆಗಳು ನಮ್ಮ ಮುಂಗಾರಿನ ಬೆಚ್ಚನೆಯ ತೇವದಲ್ಲಿ ಸುಮಾರು ಒಂದು ವಾರಕ್ಕೆ ಮರಿಗಳಾಗಿ, ಎಲೆಯ ಮೇಲಿನ ನೀರಿನ ಪೊರೆ ಹಿಡಿದು ಹುಲ್ಲಿನ ತುದಿಗೆ ಏರುತ್ತವೆ. ಮೂರು ತಿಂಗಳಿಗೊಮ್ಮೆ ಎಲ್ಲ ಕುದುರೆಗೂ ಔಷಧ ಹಾಕಿಬಿಡುವುದು ಬಹುಕಾಲದ ರೂಢಿ. ಅದರ ಫಲ, ಸಣ್ಣ ಕೆಂಪು ಹುಳುಗಳು ಹಳೆಯ ಔಷಧಿಗಳಿಗೆ ಜಗ್ಗುವುದಿಲ್ಲ. ಡೆನ್ಮಾರ್ಕ್ 1999ರಲ್ಲೇ ಪಶುವೈದ್ಯರ ಚೀಟಿ ಇಲ್ಲದೆ ಈ ಔಷಧಿ ಕೊಡಬಾರದೆಂದು ನಿಯಮ ಮಾಡಿತು. ಲದ್ದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊಟ್ಟೆ ಎಣಿಸಿ, ಬೇಕಾದ ಕುದುರೆಗಷ್ಟೇ ಔಷಧಿ ಕೊಡುವುದು ಈಗಿನ ಒಪ್ಪಿತ ಕ್ರಮ. ಒಂದು ಹಿಂಡಿನ ಹೆಚ್ಚಿನ ಮೊಟ್ಟೆಗಳು ಕೆಲವೇ ಕುದುರೆಗಳಿಂದ ಬರುತ್ತವೆ.

ಔಷಧಿಗಿಂತ ದೊಡ್ಡ ಉಪಾಯ ಬುಟ್ಟಿ, ಸಲಿಕೆ. ಇಂಗ್ಲೆಂಡಿನ ಕುದುರೆಯೂರು ನ್ಯೂಮಾರ್ಕೆಟ್‌ನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನ ವಾರಕ್ಕೆ ಎರಡು ಸಲ ಲದ್ದಿ ಎತ್ತಿದ ಬಯಲು ಔಷಧಿಯ ಬಯಲಿಗಿಂತಲೂ ಶುದ್ಧವಾಗಿರುತ್ತದೆಂದು ತೋರಿಸಿತು. ನಮ್ಮಲ್ಲಿ ತಿಪ್ಪೆಗೆ ಬೆಲೆಯಿದೆ, ಎತ್ತುವ ಕೈಗಳಿವೆ. ಇದನ್ನು ಮಾಡದಿರಲು ಕಾರಣವೇ ಇಲ್ಲ. ಎತ್ತಲಾಗದವರು ಲದ್ದಿಯನ್ನು ಒಡೆದು ಹರಡುತ್ತಾರೆ. ಅದು ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲಿನಲ್ಲಿ ಮಾತ್ರ ಸರಿ. ಉಂಡೆಯೊಳಗೆ ತಂಪಾಗಿ ಕುಳಿತ ಮರಿಗಳು ಆಗ ಸುಟ್ಟು ಸಾಯುತ್ತವೆ. ಮಳೆಗಾಲದಲ್ಲಿ ಹರಡಿದರೆ ಇಡೀ ಬಯಲಿಗೆ ಹುಳು ಬಿತ್ತಿದಂತಾಗುತ್ತದೆ.

ಬಿಸಿಲಿನಷ್ಟೇ ಕೆಲಸ ಮಾಡುವ ಇನ್ನೊಂದು ದಾರಿ ಬೇರೆ ಪ್ರಾಣಿಗಳ ಬಾಯಿ. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಕುರಿ, ದನಗಳ ಹೊಟ್ಟೆಯಲ್ಲಿ ಬದುಕಲಾರವು. ಅವುಗಳ ಹುಳು ಕುದುರೆಯಲ್ಲಿಯೂ ಅಷ್ಟೆ. ಒಂದರ ಹಿಂದೆ ಒಂದನ್ನು ಮೇಯಿಸಿದರೆ ಹುಲ್ಲಿನ ಮೇಲಿನ ಮರಿಗಳು ತಪ್ಪು ಹೊಟ್ಟೆ ಸೇರಿ ನಾಶವಾಗುತ್ತವೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ಕುರಿಮಂದೆಯ ಜೊತೆ ವಲಸೆ ಹೊರಟಾಗ ಸಾಮಾನು ಹೊರುವ ತಟ್ಟು ಕುದುರೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವು ಕುರಿಗಳ ಜೊತೆ ಮೇಯುತ್ತವೆ, ಮಂದೆ ಹಾಕಿದ ಹೊಲದಲ್ಲಿ ಕೆಲವು ರಾತ್ರಿ ಕಳೆದು ಹೊಸ ನೆಲಕ್ಕೆ ಹೋಗುತ್ತವೆ. ತಮ್ಮ ಲದ್ದಿಯ ಮೇಲೆ ಮತ್ತೆ ಮೇಯುವ ಸಂದರ್ಭವೇ ಅಪರೂಪ. ಪರೋಪಜೀವಿ ತಜ್ಞರು ಹೇಳುವ ಮಿಶ್ರ ಮೇಯಿಸುವಿಕೆ, ನೆಲಕ್ಕೆ ವಿಶ್ರಾಂತಿ ಎರಡೂ ಅಲ್ಲಿ ನಡೆದುಕೊಂಡು ಬಂದಿವೆ. ಎರಡು ಕುದುರೆಯ ತೋಟದ ಮನೆಯವರು ಹತ್ತು ಕುರಿ ಕಟ್ಟಿಕೊಳ್ಳುವುದು ನನಗೆ ಕಂಡಂತೆ ಒಳ್ಳೆಯ ಹೂಡಿಕೆ.

ನೆಲಕ್ಕೆ ಸರದಿ ಕೊಡುವುದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆ ಮಾಡಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಸಾಗಿಸುತ್ತಿದ್ದರು. ಅಲ್ಲಿ ಮೇಯುತ್ತಿದ್ದುದು ದನ. ಆದರೆ ಸರದಿಯ ಲೆಕ್ಕ ಕುದುರೆಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎರಡೆಕರೆ ಇದ್ದರೂ ನಾಲ್ಕು ಭಾಗ ಮಾಡಿ. ಹುಲ್ಲು ಆರೇಳು ಅಂಗುಲ ಬಂದಾಗ ಬಿಡಿ, ಮೂರು ಅಂಗುಲಕ್ಕೆ ಇಳಿದಾಗ ಹೊರಗೆ ತನ್ನಿ. ಮಳೆಗಾಲದಲ್ಲಿ ಮತ್ತೆ ಏಳಲು ಅದಕ್ಕೆ ನಾಲ್ಕೈದು ವಾರ ಬೇಕು. ಬೋಳುನೆಲದಲ್ಲಿ ಬೇರು ಕೆದಕುವ ಕುದುರೆ ಮಣ್ಣು ಮರಳನ್ನೂ ನುಂಗುತ್ತದೆ. ಅದು ಕರುಳಿನಲ್ಲಿ ತಂಗಿ ಶೂಲೆ ತರುತ್ತದೆ. ಒಣಭೂಮಿಯಲ್ಲಿ ಎರಡೆಕರೆ ಒಂದು ಕುದುರೆಯ ವರ್ಷದ ಹೊಟ್ಟೆ ತುಂಬಿಸದು. ಬೇಸಿಗೆಗೆ ಒಂದು ಚಿಕ್ಕ ಅಂಗಳವನ್ನು ತುಳಿತಕ್ಕೆಂದೇ ಬಿಟ್ಟು, ಅಲ್ಲಿ ಒಣಹುಲ್ಲು ಹಾಕಿ, ಉಳಿದ ನೆಲ ಉಳಿಸಿಕೊಳ್ಳಬೇಕು.

ಮೊದಲ ಮಳೆಯ ಚಿಗುರಿಗೆ ವಿಶೇಷ ಎಚ್ಚರ ಬೇಕು. ತಿಂಗಳುಗಟ್ಟಲೆ ಒಣಮೇವು ತಿಂದ ಕರುಳಿನ ಸೂಕ್ಷ್ಮಜೀವಿಗಳಿಗೆ ನೀರು, ಸಕ್ಕರೆ ತುಂಬಿದ ಹಸಿರು ಹೊಸದು. ಮೊದಲ ದಿನ ಒಣಹುಲ್ಲು ತಿನ್ನಿಸಿ ಅರ್ಧ ಗಂಟೆ ಬಿಡಿ, ಎರಡು ವಾರದಲ್ಲಿ ಮೆಲ್ಲಗೆ ಹೆಚ್ಚಿಸಿ. ದುಡಿಮೆ ಇಲ್ಲದೆ ಕೊಬ್ಬಿದ ಕುದುರೆ, ತಟ್ಟುಗಳಿಗೆ ಇದು ಪ್ರಾಣದ ಪ್ರಶ್ನೆ. ರಕ್ತದಲ್ಲಿ ಇನ್ಸುಲಿನ್ ಏರಿದರೆ ಸಾಕು, ಗೊರಸನ್ನೂ ಎಲುಬನ್ನೂ ಬೆಸೆಯುವ ಪದರ ಬಿಡತೊಡಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ತೋರಿಸಿದರು. ಅದೇ ಲ್ಯಾಮಿನೈಟಿಸ್. ಮುಂಗಾಲು ಚಾಚಿ, ಭಾರವೆಲ್ಲ ಹಿಂಗಾಲಿಗೆ ಬಿಟ್ಟು ನಿಂತ, ನಡೆಸಿದರೆ ಮುಳ್ಳಿನ ಮೇಲೆ ಹೆಜ್ಜೆ ಇಟ್ಟಂತೆ ಅಳುಕುವ ಕುದುರೆಯನ್ನು ಕಂಡರೆ ಆ ಗಳಿಗೆಯೇ ಹುಲ್ಲಿನಿಂದ ಹೊರತಂದು ಮೆತ್ತನೆಯ ನೆಲದಲ್ಲಿ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು.

ಬೇಲಿಯ ವಿಷಯದಲ್ಲೂ ದನದ ರೂಢಿ ಕುದುರೆಗೆ ಆಗದು. ಮುಳ್ಳುತಂತಿಗೆ ತಾಗಿದ ಹಸು ಹಿಂದೆ ಸರಿಯುತ್ತದೆ. ಬೆದರಿದ ಕುದುರೆ ನೋಡದೆ ಓಡುತ್ತದೆ, ಸಿಕ್ಕಿಕೊಂಡ ಕಾಲನ್ನು ಎಳೆದೂ ಎಳೆದೂ ಎಲುಬಿನವರೆಗೆ ಹರಿದುಕೊಳ್ಳುತ್ತದೆ. ಕಲ್ಲುಕಂಬ ಇರಲಿ, ನಡುವೆ ಮರದ ಅಡ್ಡಪಟ್ಟಿ ಅಥವಾ ಕಣ್ಣಿಗೆ ಎದ್ದುಕಾಣುವ ಅಗಲ ಪಟ್ಟಿ ಬರಲಿ, ಎತ್ತರ ನಾಲ್ಕೂವರೆ ಅಡಿಗೆ ಕಡಿಮೆಯಾಗದಿರಲಿ. ಪಾಳುಬಾವಿ ಇದ್ದರೆ ಮೊದಲು ಅದಕ್ಕೆ ಕಟ್ಟೆ.

ಇಷ್ಟೆಲ್ಲ ಜಮೀನು ಇದ್ದವರ ಮಾತಾಯಿತು. ನಮ್ಮ ಊರುಗಳಲ್ಲಿ ಗಾಡಿ ಎಳೆಯುವ, ಮದುವೆ ಮೆರವಣಿಗೆಗೆ ನಿಲ್ಲುವ ಕುದುರೆಗಳ ಪೈಕಿ ಎಷ್ಟೋ ರಸ್ತೆಬದಿಯಲ್ಲಿ, ಕೆರೆಯಂಗಳದಲ್ಲಿ, ಮುಂಗಾಲು ಎರಡನ್ನೂ ಹಗ್ಗದಿಂದ ಬಿಗಿದು ಬಿಟ್ಟ ಸ್ಥಿತಿಯಲ್ಲಿ ಮೇಯುತ್ತವೆ. ಅವುಗಳ ಮಾಲೀಕರಿಗೆ ಹುಲ್ಲುಗಾವಲು ಕೊಳ್ಳುವ ಶಕ್ತಿಯಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ನೈಲಾನ್ ಹಗ್ಗ ಚರ್ಮ ಕೊಯ್ಯುತ್ತದೆ. ಅಗಲವಾದ ಬಟ್ಟೆ ಅಥವಾ ಚರ್ಮದ ಪಟ್ಟಿ ಗಾಯ ತಪ್ಪಿಸುತ್ತದೆ. ಕಸದ ಗುಡ್ಡೆಯ ಅಕ್ಕಪಕ್ಕ ಬಿಡುವ ಬದಲು ಅದೇ ಕೆರೆ ಏರಿಯ ಗರಿಕೆಯನ್ನು ಕುಡುಗೋಲಿನಿಂದ ಕೊಯ್ದು ತಂದು ನೆರಳಲ್ಲಿ ಹಾಕಬಹುದು, ರಾಶಿ ಹಾಕಿ ಬಿಸಿಯೇರಲು ಬಿಡದೆ ಅಂದಂದೇ. ರಾತ್ರಿಗೆ ಒಂದು ಹೊರೆ ಒಣಹುಲ್ಲು ಮುಂದಿದ್ದರೆ ಬೆಳಗಿನ ಹೊತ್ತಿಗೆ ಪ್ಲಾಸ್ಟಿಕ್ ಚೀಲಕ್ಕೆ ಬಾಯಿ ಹಾಕುವಷ್ಟು ಹಸಿವು ಕುದುರೆಗೆ ಇರುವುದಿಲ್ಲ. ನಗರಸಭೆಗಳು ಕೆರೆಯಂಗಳದ ಒಂದು ತುಂಡು ನೆಲವನ್ನು ಬೇಲಿ ಹಾಕಿ, ಗರಿಕೆ ಬೆಳೆಸಿ, ಈ ಕುದುರೆಗಳಿಗೆ ಸರದಿಯಂತೆ ಬಿಟ್ಟುಕೊಡಲು ದೊಡ್ಡ ಖರ್ಚೇನೂ ಬಾರದು. ಅಲ್ಲಿ ಒಂದು ನೀರಿನ ತೊಟ್ಟಿಯೂ ಬೇಕು, ಬಿಸಿಲಿನ ದಿನ ದುಡಿದು ಬಂದ ಕುದುರೆ 40 ಲೀಟರ್ ದಾಟಿಯೂ ನೀರು ಕುಡಿಯುತ್ತದೆ.